ಅಕ್ಕನ ಕಿಡ್ನಿ

ಅಕ್ಕನ ಮನೆಗೆ ಬಂದು ಬಚ್ಚಲಿಗೆ ಹೋದ ಉಜ್ಜನಪ್ಪ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಜಗದಾಂಬಾ ಅವನಿಗೆಂದು ಬೆರೆಸಿದ ಕಾಫಿಯನ್ನು ಎರಡನೇ ಸಲ ಬಿಸಿ ಮಾಡಿದಳು. ಅದೂ ಆರಿತು. ಕೊನೆಗೆ ಬಾಗಿಲ ಹತ್ತಿರ ಹೋಗಿ, "ಏನೋ, ಹುಷಾರಿದ್ದೀಯ ತಾನೆ?" ಎಂದಳು.

ನಲ್ಲಿ ತಿರುಗಿಸಿದ ಸದ್ದು ಮಾತ್ರ ಕೇಳಿತು. ಆಮೇಲೆ ಬಾಗಿಲು ತೆರೆದು ತಮ್ಮ ಹೊರಗೆ ಬಂದ. ಮುಖವೆಲ್ಲ ಬೆವರು. ಗೋಡೆ ಹಿಡಿದುಕೊಂಡು ನಿಂತು, ಅಕ್ಕನ ಮುಖ ನೋಡದೆ ಹೇಳಿದ.

"ಹದಿನೈದು ದಿನದಿಂದ ಹಿಂಗೇ. ಹನಿಹನಿ ಅಷ್ಟೇ. ಇವತ್ತು ಅದೂ ಇಲ್ಲ. ಅಕ್ಕ, ನಿನ್ನ ಕಿಡ್ನಿ ಹೋಯ್ತು ಅನ್ಸುತ್ತೆ."

ಅದು 2003ರ ಬೇಸಿಗೆ. ಆ ಕಿಡ್ನಿ ಅವನ ಮೈ ಸೇರಿ ಹತ್ತು ವರ್ಷವಾಗಿತ್ತು.

ಜಗದಾಂಬಾ ಅವನಿಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅಪ್ಪ ತೀರಿಕೊಂಡಾಗ ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರೂರಿಗೆ ಟ್ರಂಕ್ ಕಾಲ್ ಜೋಡಿಸುತ್ತ ತಮ್ಮನನ್ನು ಐಟಿಐ ಓದಿಸಿದಳು. ಅವನು ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ಸೇರಿ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವವನಾದ. ಅವನ ಮದುವೆಯನ್ನೂ ಅವಳೇ ನಿಂತು ಮಾಡಿಸಿದಳು. ಇವಳ ಮದುವೆಯ ಮಾತೆತ್ತುವವರು ಯಾರೂ ಇರಲಿಲ್ಲ. ಇದ್ದವರು ಎತ್ತುವ ಹೊತ್ತಿಗೆ ಕಾಲ ಮೀರಿತ್ತು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡು ಒಬ್ಬಳೇ ಇದ್ದಳು. ಹಾಗಿರುವುದು ಅವಳಿಗೆ ಬೇಸರದ ಸಂಗತಿಯೇನೂ ಆಗಿರಲಿಲ್ಲ.

1993ರಲ್ಲಿ ಉಜ್ಜನಪ್ಪನ ಎರಡೂ ಕಿಡ್ನಿ ಕೆಟ್ಟವು. ಹೆಂಡತಿ ವಸಂತಮ್ಮನ ರಕ್ತದ ಗುಂಪು ಹೊಂದಲಿಲ್ಲ. ಮಗ ವಿಜಯಕುಮಾರ್ ಇನ್ನೂ ಪಿಯುಸಿ. ನೆಂಟರೆಲ್ಲ ಭದ್ರಾವತಿ ನ್ಯೂ ಟೌನ್‌ನ ಅವನ ಕ್ವಾರ್ಟರ್ಸಿನಲ್ಲಿ ಸೇರಿದ್ದಾಗ ಚಿಕ್ಕಪ್ಪ, ಜಗದಾಂಬಾ ಎದುರಿಗೆ ಕೂತಿದ್ದಾಳೆಂಬುದನ್ನೂ ಲೆಕ್ಕಿಸದೆ, "ಜಗದಾಂಬಂದು ಏನಿದೆ, ಹಿಂದಿಲ್ಲ ಮುಂದಿಲ್ಲ, ಅವಳು ಕೊಡ್ತಾಳೆ ಬಿಡ್ರಿ" ಎಂದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಅವಳೂ ಆಡಿಸಿದಳು. ಮಾರನೆಯ ದಿನ ಆಫೀಸಿಗೆ ರಜಾ ಹಾಕಿ ಬೆಂಗಳೂರಿಗೆ ಹೊರಟಳು.

ಆ ಮೇಲೆ ಮನೆಯಲ್ಲಿ ಅವಳ ಸ್ಥಾನವೇ ಬೇರೆಯಾಯಿತು. ಹಬ್ಬದಲ್ಲಿ ಮೊದಲ ಎಲೆ ಅವಳಿಗೆ. ಆಪರೇಷನ್ ಆದ ತಿಂಗಳು ಬಂದರೆ ಪ್ರತಿ ವರ್ಷ ಉಜ್ಜನಪ್ಪ ಸೀರೆ ಹಿಡಿದುಕೊಂಡು ಹೊಸಮನೆಗೆ ಬರುತ್ತಿದ್ದ. ಮನೆಗೆ ಬಂದ ಹೊಸಬರಿಗೆ ಅಂಗಿ ಎತ್ತಿ, ಹೊಟ್ಟೆಯ ಬಲಗಡೆ ಕೆಳಗಿದ್ದ ಗೆರೆ ತೋರಿಸಿ, "ಇದು ನಮ್ಮಕ್ಕ" ಎನ್ನುತ್ತಿದ್ದ. ಜಗದಾಂಬಾ "ಥೂ, ಮುಚ್ಚೋ" ಎಂದು ಗದರಿದರೂ ಆ ಮಾತು ಕೇಳುವುದು ಅವಳಿಗೆ ಇಷ್ಟವಾಗಿತ್ತು.

ಈಗ ಅವಳು ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಕಿಡ್ನಿ ಡಾಕ್ಟರು ಪ್ರಿಯಂವದಾ ಅವರ ಕ್ಲಿನಿಕ್ಕಿಗೆ ಓಡಿದಳು. ಡಾಕ್ಟರು ಮೊದಲು ಟ್ಯೂಬ್ ಹಾಕಿ ಕಟ್ಟಿದ್ದ ಮೂತ್ರ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಸಂಜೆ ವರದಿ ನೋಡಿ, "ಕಿಡ್ನಿಗೆ ಏನೂ ಆಗಿಲ್ಲ ಉಜ್ಜನಪ್ಪನವರೇ, ಚೆನ್ನಾಗಿದೆ" ಎಂದರು. "ತೊಂದರೆ ಅದರ ಕೆಳಗಿದೆ. ಪ್ರಾಸ್ಟೇಟ್ ಗ್ರಂಥಿ ಊದಿದೆ. ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ ಇದೆ. ಚೂರು ತೆಗೆದು ಪರೀಕ್ಷೆಗೆ ಕಳಿಸೋಣ."

ಕಿಡ್ನಿ ಚೆನ್ನಾಗಿದೆ ಎಂಬ ಮಾತಿನ ನಂತರದ್ದು ಯಾವುದೂ ಉಜ್ಜನಪ್ಪನ ಕಿವಿಗೆ ಬಿದ್ದಂತಿರಲಿಲ್ಲ. ಮನೆಗೆ ಬಂದು ಎರಡು ತಟ್ಟೆ ಉಪ್ಪಿಟ್ಟು ತಿಂದ.

ಒಂದು ವಾರದ ಮೇಲೆ ಕ್ಯಾನ್ಸರ್ ಎಂದು ಗೊತ್ತಾಯಿತು.

ಊರ ಹೊರಗಿನ ಖಾಸಗಿ ಆಸ್ಪತ್ರೆಯಲ್ಲಿ ಕರೆಂಟ್ ಕೊಡುವ ಯಂತ್ರ ಬಂದು ಒಂದೆರಡು ವರ್ಷವಾಗಿತ್ತು. ವಿಕಿರಣ ಎಂದು ಯಾರೂ ಅನ್ನುತ್ತಿರಲಿಲ್ಲ. ಕಾಯಿಲೆಯವರೂ ಆಟೋದವರೂ ಕರೆಂಟ್ ಎಂದೇ ಅನ್ನುತ್ತಿದ್ದರು. ಅಲ್ಲಿನ ಡಾಕ್ಟರು ವೆಂಕಟಾಚಲ, ನಲವತ್ತೈದರ ಸಣಕಲು ಮನುಷ್ಯ. ಕಾಯಿಲೆಯವರ ಎದುರು ಮುಚ್ಚುಮರೆ ಮಾಡುವವರಲ್ಲ. ಬೀಜದಲ್ಲಿ ಹುಟ್ಟುವ ಗಂಡಸಿನ ಹಾರ್ಮೋನಿನಿಂದ ಬೆಳೆಯುವ ಗಡ್ಡೆ ಇದು, ಮೊದಲು ಬೀಜ ತೆಗೆಯುವ ಆಪರೇಷನ್ ಆಗಬೇಕು, ಆಮೇಲೆ ಕರೆಂಟ್ ಎಂದರು. ಕಿಡ್ನಿ ಕೂತಿರುವುದು ಪ್ರಾಸ್ಟೇಟಿನ ಪಕ್ಕದಲ್ಲೇ ಆದ್ದರಿಂದ ಅದಕ್ಕೆ ಕಿರಣ ತಾಗದ ಹಾಗೆ ಸೀಸದ ಗಟ್ಟಿಗಳನ್ನು ಅಡ್ಡ ಇಡುತ್ತೇವೆ ಎಂದರು.

"ಸೀಸ ದಪ್ಪ ಇರಲಿ ಸಾರ್" ಎಂದ ಉಜ್ಜನಪ್ಪ. ಬೀಜದ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ.

ಬೀಜದ ಆಪರೇಷನ್ ಮುಗಿದು ಕರೆಂಟ್ ಶುರುವಾದ ಮೇಲೆ ಅವನು ಹೊಸಮನೆಯಲ್ಲೇ ಉಳಿದ. ವಸಂತಮ್ಮ ಭದ್ರಾವತಿಯಲ್ಲಿ ಮಗನ ಸಂಸಾರ ನೋಡಿಕೊಂಡು ವಾರಕ್ಕೊಮ್ಮೆ ಬಂದುಹೋಗುತ್ತಿದ್ದಳು. ದಿನಾ ಬೆಳಿಗ್ಗೆ ಅಕ್ಕತಮ್ಮ ಆಟೋದಲ್ಲಿ ಹೋಗಿ ಆಸ್ಪತ್ರೆಯ ನೆಲಮಾಳಿಗೆಯ ಬೆಂಚಿನ ಮೇಲೆ ಕಾಯುವುದು. ಅದೇ ಬೆಂಚಿನಲ್ಲಿ ತೀರ್ಥಹಳ್ಳಿ ಕಡೆಯ ಗಣಪಯ್ಯ ಎಂಬವರು ಕೂರುತ್ತಿದ್ದರು. ಅವರದ್ದೂ ಇದೇ ಕಾಯಿಲೆ, ಇವನಿಗಿಂತ ಮುಂದುವರಿದದ್ದು. ಮಗಳು ತೋಳು ಹಿಡಿದು ಎಬ್ಬಿಸದೆ ಅವರಿಗೆ ಎದ್ದು ನಿಲ್ಲುವುದಕ್ಕೇ ಆಗುತ್ತಿರಲಿಲ್ಲ. ಅವರ ಹೆಸರು ಕರೆದಾಗಲೆಲ್ಲ ಉಜ್ಜನಪ್ಪ ಅಕ್ಕನ ಕಿವಿಯಲ್ಲಿ, "ಪಾಪ, ಈ ಮನುಷ್ಯ ದೀಪಾವಳಿ ನೋಡಲ್ಲ" ಎನ್ನುತ್ತಿದ್ದ.

ದೀಪಾವಳಿಯ ಹೊತ್ತಿಗೆ ಗಣಪಯ್ಯ ತಾವೇ ಜೀಪು ನಡೆಸಿಕೊಂಡು ತಪಾಸಣೆಗೆ ಬಂದರು. ಅವರ ರಕ್ತದಲ್ಲಿ ಈ ಕ್ಯಾನ್ಸರಿನ ಗುರುತಾದ ಪಿಎಸ್‌ಎ ಇಳಿದು ಇಲ್ಲವೇ ಇಲ್ಲ ಎನ್ನುವಷ್ಟಾಗಿತ್ತು. ಉಜ್ಜನಪ್ಪನದು ಸ್ವಲ್ಪ ಇಳಿದು ನಿಂತಿತ್ತು. ಮಕರ ಸಂಕ್ರಾಂತಿಗೆ ಮತ್ತೆ ಏರಿತು. ಶಿವರಾತ್ರಿ ಕಳೆಯುವುದರೊಳಗೆ ಎಡಗಡೆಯ ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಬಂತು. ಸೊಂಟದ ಮೂಳೆ ನೋಯತೊಡಗಿತು. ಗಂಟಿಗೆ ಸೂಜಿ ಹಾಕಿ ಚೂರು ತೆಗೆದು ನೋಡಿದರು. ಅದೇ ಕಾಯಿಲೆ.

ಆ ದಿನ ತಮ್ಮನನ್ನು ಹೊರಗೆ ಕೂರಿಸಿ ಜಗದಾಂಬಾ ಒಬ್ಬಳೇ ವೆಂಕಟಾಚಲರ ಕೋಣೆಗೆ ಹೋದಳು.

"ಡಾಕ್ಟ್ರೇ, ಒಂದೇ ಮಷೀನು, ಒಂದೇ ಲೆಕ್ಕದ ಕರೆಂಟು. ಆ ಗಣಪಯ್ಯನವರು ಎದ್ದು ಓಡಾಡ್ತಿದ್ದಾರೆ. ಇವನಿಗ್ಯಾಕೆ ಹತ್ತಲಿಲ್ಲ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖಂಡಿತ ಗೊತ್ತಿದೆ ಅಂತ ಹೇಳಿದರೆ ಸುಳ್ಳಾಗುತ್ತಮ್ಮ. ನನಗೆ ಅನ್ನಿಸೋದನ್ನ ಹೇಳ್ತೀನಿ. ಕರೆಂಟು ಗಡ್ಡೆಯನ್ನ ಗಾಯ ಮಾಡುತ್ತೆ. ಗಡ್ಡೆಯ ಕಣಗಳಲ್ಲಿ ಕೆಲವು ಅಲ್ಲೇ ಸಾಯ್ತವೆ, ಎಷ್ಟೋ ಉಳ್ಕೊಳ್ತವೆ. ಉಳಿದವನ್ನ ಹುಡುಕಿ ಮುಗಿಸೋದು ಮೈಯೊಳಗಿನ ಬಿಳಿ ರಕ್ತಕಣಗಳು. ನಾವು ಅರ್ಧ ಕೆಲಸ ಮಾಡಿದರೆ ಅವು ಇನ್ನರ್ಧ ಮಾಡ್ತವೆ. ನಿಮ್ಮ ತಮ್ಮನ ಮೈಯಲ್ಲಿ ಅವನ್ನ ಹತ್ತು ವರ್ಷದಿಂದ ಮಾತ್ರೆ ಕೊಟ್ಟು ನಾವೇ ಮಲಗಿಸಿದ್ದೀವಿ."

"ಕಿಡ್ನಿ ಉಳಿಸೋ ಮಾತ್ರೆ?"

"ಅದೇ. ಆ ಮಾತ್ರೆ ಇಲ್ಲದೆ ಹೋಗಿದ್ದರೆ ನಿಮ್ಮ ಕಿಡ್ನಿಯನ್ನ ಅವು ಹೊರಗಿನದು ಅಂತ ಆವತ್ತೇ ಹೊಡೆದು ಹಾಕಿರ್ತಿದ್ವು. ಕಿಡ್ನಿ ಉಳೀಲಿ ಅಂತ ಮಲಗಿಸಿದ್ವಿ. ಈಗ ಗಡ್ಡೆಗೂ ಅದೇ ಅನುಕೂಲ ಆಗಿದೆ ಅಂತ ನನ್ನ ಅನುಮಾನ. ಮೊನ್ನೆ ತೆಗೆದ ಚೂರನ್ನ ನಾನೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಬೇರೆಯವರ ಗಡ್ಡೆಯಲ್ಲಿ ಬಿಳಿಕಣ ಗುಂಪು ಕಟ್ಟಿಕೊಂಡು ನಿಂತಿರ್ತವೆ. ಇವರದ್ದರಲ್ಲಿ ಹುಡುಕಿದರೂ ಸಿಗಲಿಲ್ಲ."

"ಇದು ಪುಸ್ತಕದಲ್ಲಿದೆಯಾ?"

"ಇಲಿಗಳಲ್ಲಿ ಸ್ವಲ್ಪ ನೋಡಿದ್ದಾರೆ. ಮನುಷ್ಯರಲ್ಲಿ ಹೀಗೇ ಅಂತ ಯಾರೂ ಇನ್ನೂ ಬರೆದುಕೊಟ್ಟಿಲ್ಲ."

"ಹಾಗಾದ್ರೆ ಏನು ಮಾಡ್ಬೇಕು ಅಂತೀರಿ?"

"ಮಾತ್ರೆ ಇಳಿಸಿ, ಗಂಟಿಗೂ ಸೊಂಟಕ್ಕೂ ಇನ್ನೊಂದು ಸಲ ಕರೆಂಟ್ ಕೊಡಬಹುದು. ಗಡ್ಡೆ ಕರಗುತ್ತೆ ಅಂತ ನಾನು ಮಾತು ಕೊಡಲ್ಲ. ಮಾತ್ರೆ ಇಳಿಸಿದರೆ ಕಿಡ್ನಿ ಹೋಗುತ್ತೆ, ಅದನ್ನ ಮಾತ್ರ ಹೆಚ್ಚುಕಮ್ಮಿ ಖಂಡಿತವಾಗಿ ಹೇಳಬಲ್ಲೆ."

ಪ್ರಿಯಂವದಾ ಇದಕ್ಕೆ ಒಪ್ಪಲಿಲ್ಲ. ಹತ್ತು ವರ್ಷ ಕಾಪಾಡಿಕೊಂಡು ಬಂದ ಕಿಡ್ನಿಯನ್ನು ಒಂದು ಅನುಮಾನಕ್ಕಾಗಿ ಕೊಲ್ಲುವುದು ಯಾವ ಸೀಮೆಯ ಚಿಕಿತ್ಸೆ ಎಂದು ಕೇಳಿದರು. ಡಯಾಲಿಸಿಸ್ ಮೇಲೆ ಬದುಕುವುದು ಏನೆಂದು ನಿಮಗೆ ನೆನಪಿರಬೇಕಲ್ಲ ಎಂದರು. ಕೊನೆಗೆ ಧ್ವನಿ ತಗ್ಗಿಸಿ, "ಆದರೆ ಕ್ಯಾನ್ಸರನ್ನ ಹೀಗೇ ಬಿಟ್ಟರೆ ಒಂದು ವರ್ಷ ಸಿಗುತ್ತೋ ಇಲ್ಲವೋ. ನಿರ್ಧಾರ ನಿಮ್ಮ ಮನೆಯವರದು. ಏನೇ ಆದರೂ ನಾನು ನೋಡಿಕೊಳ್ತೀನಿ" ಎಂದರು.

ಉಜ್ಜನಪ್ಪ ಆಗುವುದಿಲ್ಲ ಎಂದ. ಇಬ್ಬರು ಡಾಕ್ಟರಿಗೂ ಅದೇ ಮಾತು ಹೇಳಿ ಭದ್ರಾವತಿಗೆ ಹೊರಟುಹೋದ. ನಾಲ್ಕು ದಿನದ ಮೇಲೆ ವಿಜಯಕುಮಾರ್ ಫೋನ್ ಮಾಡಿದ. ಅವನಿಗೆ ನ್ಯೂ ಟೌನ್‌ನಲ್ಲೇ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇತ್ತು.

"ಅತ್ತೆ, ನೋವಿಗೆ ಅಪ್ಪ ಹಲ್ಲು ಕಚ್ಕೊಂಡು ಕೂತಿರ್ತಾರೆ. ಯಾರ ಮಾತೂ ಕೇಳಲ್ಲ. ನೀವು ಹೇಳಿದ್ರೆ ಮಾತ್ರ ಏನಾದ್ರೂ ಆಗ್ಬಹುದು."

ಜಗದಾಂಬಾ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಸೆರಗಿನ ಒಳಗೆ ಕೈಹಾಕಿ ತನ್ನ ಪಕ್ಕೆಯ ಗಾಯದ ಗೆರೆಯನ್ನು ಮುಟ್ಟಿ ನೋಡಿಕೊಳ್ಳುವ ಹಾಗಾಯಿತು. ಜೀವನದಲ್ಲಿ ಅವಳು ಮಾಡಿದ ದೊಡ್ಡ ಕೆಲಸ ಅದೊಂದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಈಗೀಗ ಅವಳಿಗೂ ಹಾಗೇ ಅನ್ನಿಸುತ್ತಿತ್ತು. ಅದನ್ನು ಕಿತ್ತು ಬಿಸಾಕು ಎಂದು ಹೇಳುವುದಕ್ಕೆ ತಾನೇ ಹೋಗಬೇಕೇ? ತಮ್ಮ ಒಲ್ಲೆ ಎಂದು ಹಟ ಹಿಡಿಯಲಿ ಎಂದು ಮನಸ್ಸಿನ ಒಂದು ಮೂಲೆ ಬಯಸುತ್ತಿರುವುದು ಅವಳಿಗೆ ಗೊತ್ತಾಯಿತು. ಗೊತ್ತಾಗಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಉಜ್ಜನಪ್ಪ ಜಗಲಿಯ ಮೇಲೆ ದಿಂಬಿಗೆ ಒರಗಿ ಒಂದು ಮರದ ತುಂಡಿಗೆ ಗಾಜುಕಾಗದ ಉಜ್ಜುತ್ತಿದ್ದ. ಲಟ್ಟಣಿಗೆಯೋ ಏನೋ. ಅಕ್ಕನನ್ನು ನೋಡಿ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ವಿಜಿ ಕಳಿಸಿದ್ನಾ?"

"ನಾನೇ ಬಂದೆ. ಡಾಕ್ಟ್ರು ಹೇಳಿದ್ದಕ್ಕೆ ಯಾಕೆ ಒಪ್ಪಲ್ಲ ಅಂತೀಯ?"

"ಅದು ನಂದಲ್ಲ ಅಕ್ಕ. ನಂದಾಗಿದ್ರೆ ಬಿಸಾಕ್ತಿದ್ದೆ. ನೀನು ಕೊಟ್ಟಿದ್ದನ್ನ ನಾನೇ ಹಾಳು ಮಾಡ್ಲಾ? ಹೆಂಗಿದ್ರೂ ಸಾಯೋದೇ, ಅದನ್ನ ಒಳಗಿಟ್ಕೊಂಡೇ ಸಾಯ್ತೀನಿ."

ಬಸ್ಸಿನಲ್ಲಿ ಬಯಸಿದ್ದ ಮಾತೇ ಬಂತು. ಕೇಳಿ ಒಂದು ಗಳಿಗೆ ಅವಳಿಗೆ ಸುಖವೇ ಆಯಿತು. ಅವನು ಮಗ್ಗುಲು ಬದಲಿಸಲು ಹೋಗಿ ಸೊಂಟ ಹಿಡಿದುಕೊಂಡು ಕಣ್ಣು ಮುಚ್ಚಿದ್ದನ್ನು ನೋಡಿದ ಮೇಲೆ ಆ ಸುಖ ನಿಲ್ಲಲಿಲ್ಲ.

"ನಂದು ಅಂದ್ಮೇಲೆ ಇಟ್ಕೊಳ್ಳೋದಾ ಬಿಡೋದಾ ಅಂತ ನನ್ನ ಕೇಳ್ಬೇಕಲ್ವೇನೋ?"

ಅವನು ಗಾಜುಕಾಗದ ಕೆಳಗಿಟ್ಟ.

"ಆವತ್ತು ನನ್ನ ಯಾರೂ ಕೇಳ್ಲಿಲ್ಲ" ಎಂದಳು ಜಗದಾಂಬಾ. "ಚಿಕ್ಕಪ್ಪ ಹೇಳ್ದ, ನಾನು ಹೊರಟೆ. ಕೇಳಿದ್ರೂ ಕೊಡ್ತಿದ್ದೆ, ಆ ಮಾತು ಬೇರೆ. ಇವತ್ತು ಕೇಳು."

"ಏನಂತ ಕೇಳ್ಲಿ?"

"ಬಿಡ್ಲಾ ಅಂತ ಕೇಳು."

ಬೀದಿಯಲ್ಲಿ ಪಕ್ಕದ ಮನೆಯ ಹೆಂಗಸು ತಮಿಳಿನಲ್ಲಿ ತರಕಾರಿಯವನ ಜೊತೆ ಚೌಕಾಸಿ ಮಾಡುತ್ತಿದ್ದಳು. ಅದು ಮುಗಿದು, ಗಾಡಿ ಮುಂದಿನ ತಿರುವಿಗೆ ಹೋಗುವವರೆಗೂ ಉಜ್ಜನಪ್ಪ ಮರದ ತುಂಡಿನ ಮೇಲಿನ ಪುಡಿ ಒರೆಸುತ್ತಿದ್ದ. ಆಮೇಲೆ ಕೇಳಿದ.

"ಬಿಡ್ಲಾ ಅಕ್ಕ?"

"ಬಿಡು ಮಾರಾಯ."

ವಸಂತಮ್ಮ ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಇಬ್ಬರೂ ನೋಡಿರಲಿಲ್ಲ. ತಟ್ಟೆಯನ್ನು ಜಗಲಿಯ ಮೇಲಿಟ್ಟು ಅವಳು ಒಳಗೆ ಹೋದಳು.

ಮಾತ್ರೆಗಳನ್ನು ಪ್ರಿಯಂವದಾ ಒಂದೊಂದಾಗಿ ಇಳಿಸಿದರು. ಗಬ್ಬು ವಾಸನೆಯ ಆ ದಪ್ಪ ಕ್ಯಾಪ್ಸೂಲು ಮೊದಲು ನಿಂತಿತು, ಆಮೇಲೆ ಇನ್ನೊಂದು. ಕೊನೆಗೆ ಸ್ಟಿರಾಯ್ಡಿನ ಒಂದು ಚೂರು ಮಾತ್ರ ಉಳಿಯಿತು. ಮತ್ತೆ ಅದೇ ನೆಲಮಾಳಿಗೆ, ಅದೇ ಬೆಂಚು. ಈ ಸಲ ಕರೆಂಟ್ ಶುರುವಾದ ಎರಡನೇ ವಾರಕ್ಕೆ ಉಜ್ಜನಪ್ಪನಿಗೆ ಚಳಿಜ್ವರ ಬಂತು. ತೊಡೆಸಂದಿನ ಗಂಟು ಕೆಂಪಾಗಿ ಊದಿಕೊಂಡಿತು. ಜಗದಾಂಬಾ ಹೆದರಿದಳು. ವೆಂಕಟಾಚಲ ಮಾತ್ರ ಬೆರಳಿನಿಂದ ಗಂಟನ್ನು ಒತ್ತಿ ನೋಡಿ, "ಜ್ವರ ಇರಲಿ ಬಿಡಿ, ನೋಡೋಣ" ಎಂದರು. ಅವರ ಮುಖದಲ್ಲಿ ಏನೋ ಒಂದು ಆಸೆ ಕಂಡಂತಾಯಿತು.

ಊತ ಇಳಿಯಿತು. ಇಳಿಯುತ್ತಲೇ ಹೋಯಿತು. ಬೆಳಿಗ್ಗೆ ಎದ್ದ ಕೂಡಲೇ ಉಜ್ಜನಪ್ಪ ಪಂಚೆಯೊಳಗೆ ಕೈಹಾಕಿ ಮುಟ್ಟಿ ನೋಡಿಕೊಳ್ಳುವನು. "ಅಡಿಕೆಯಷ್ಟಾಯ್ತು ಅಕ್ಕ" ಎಂದ ಒಂದು ದಿನ. ಇನ್ನು ಕೆಲವು ದಿನಕ್ಕೆ "ಕಡಲೆಕಾಳು" ಎಂದ. ಸೊಂಟದ ನೋವು ಹೋಯಿತು. ಪಿಎಸ್‌ಎ ಇಳಿಯಿತು. ತೊಡೆಸಂದಿನಲ್ಲಿ ಉಳಿದಿದ್ದ ಕಾಳಿನಂಥದ್ದನ್ನು ವೆಂಕಟಾಚಲ ಸಣ್ಣ ಗಾಯ ಮಾಡಿ ತೆಗೆಸಿ ಪರೀಕ್ಷೆಗೆ ಕಳಿಸಿದರು.

ಆಗ ಒಂದು ತಿಂಗಳು ಚೆನ್ನಾಗಿ ಕಳೆಯಿತು. ಉಜ್ಜನಪ್ಪ ಭದ್ರಾವತಿಗೆ ಹೋಗಿ ಸಂಜೆ ಹೊತ್ತು ಹೊಳೆಯ ಸೇತುವೆಯವರೆಗೂ ನಡೆದುಹೋಗಿ ಬರತೊಡಗಿದ. ಮೊಮ್ಮಗಳು ಸ್ಫೂರ್ತಿಗೆ ಕೂತು ಬರೆಯಲು ಒಂದು ಪುಟ್ಟ ಮೇಜು ಮಾಡಿಕೊಟ್ಟ. ಕಿಡ್ನಿಯೂ ಉಳಿಯುತ್ತದೇನೋ ಎಂದು ಮನೆಯಲ್ಲಿ ಎಲ್ಲರೂ ಒಳಗೊಳಗೇ ಅಂದುಕೊಂಡರು, ಬಾಯಿಬಿಟ್ಟು ಯಾರೂ ಆಡಲಿಲ್ಲ.

ಮೊದಲು ಪಾದ ಊದಿತು. ಆಮೇಲೆ ಹೊಟ್ಟೆಯ ಬಲಗಡೆ ನೋವು. ಗಾಯದ ಗೆರೆಯ ಕೆಳಗೆ ಕಿಡ್ನಿ ಹಲಸಿನ ತೊಳೆಯ ಹಾಗೆ ಉಬ್ಬಿ, ಮುಟ್ಟಿದರೆ ಅವನು ಕಿರುಚುವಂತಾಯಿತು. ಮೂತ್ರದಲ್ಲಿ ರಕ್ತ ಬಂತು. ಪ್ರಿಯಂವದಾ ಒಂದು ವಾರ ಏನೇನೋ ಮಾಡಿ ನೋಡಿದರು. ಕೊನೆಗೆ, "ಒಳಗೆ ಬಿಟ್ಟರೆ ಜೀವಕ್ಕೇ ಅಪಾಯ, ತೆಗೆಯಬೇಕು" ಎಂದರು. "ಹೀಗಾಗುತ್ತೆ ಅಂತ ಹೇಳಿದ್ದೆನಲ್ಲ" ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಜಗದಾಂಬಾಗೆ ಅನ್ನಿಸಿತು.

ಆಪರೇಷನ್ ಥಿಯೇಟರಿನಿಂದ ನರ್ಸ್ ಹೊರಗೆ ಬಂದಾಗ ಜಗದಾಂಬಾ ಎದ್ದು ನಿಂತು, "ಒಂದ್ಸಲ ತೋರಿಸ್ತೀರಾ?" ಎಂದು ಕೇಳಿದಳು.

"ಯಾಕಮ್ಮ, ಬೇಡ."

"ಅದು ನಂದು."

ನರ್ಸ್ ಒಳಗೆ ಹೋಗಿ ಸ್ಟೀಲಿನ ಟ್ರೇ ತಂದಳು. ಬಟ್ಟೆ ಸರಿಸಿದಾಗ ಕಂಡದ್ದು ಕಪ್ಪುಗೆಂಪಾಗಿ ಬಾತುಕೊಂಡ, ಅಲ್ಲಲ್ಲಿ ಬಿರಿದ ಒಂದು ಮಾಂಸದ ಮುದ್ದೆ. ಜಗದಾಂಬಾ ಅದನ್ನು ನೋಡುತ್ತ ನಿಂತಳು. ಅಳು ಬರುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ. ಇಷ್ಟು ವರ್ಷ ತಮ್ಮನ ಮೈಯಲ್ಲಿ ತನ್ನದೊಂದು ಬದುಕಿದೆ ಎಂದುಕೊಂಡಿದ್ದ ಅವಳಿಗೆ ಆ ಮುದ್ದೆಯಲ್ಲಿ ತನ್ನದು ಎನ್ನುವಂಥದ್ದು ಏನೂ ಕಾಣಲಿಲ್ಲ. "ಸಾಕು" ಎಂದಳು. ವಸಂತಮ್ಮ ಬೆಂಚಿನ ಮೇಲೆ ಕೂತೇ ಇದ್ದಳು. ಆ ಕಡೆ ತಿರುಗಿಯೂ ನೋಡಲಿಲ್ಲ.

ಡಯಾಲಿಸಿಸ್ ಯಂತ್ರ ಶಿವಮೊಗ್ಗದಲ್ಲಿತ್ತು. ಹಾಗಾಗಿ ಉಜ್ಜನಪ್ಪನೂ ವಸಂತಮ್ಮನೂ ಹೊಸಮನೆಯ ಮನೆಗೇ ಬಂದು ಉಳಿದರು. ಒಬ್ಬಳಿಗೆಂದು ಕಟ್ಟಿದ ಮನೆಯಲ್ಲಿ ಮೂವರಾದರು.

ಅವನು ಎರಡು ವರ್ಷ ಬದುಕಿದ. ಕ್ಯಾನ್ಸರ್ ಮತ್ತೆ ತಲೆಯೆತ್ತಲಿಲ್ಲ. ಆದರೆ ಅದು ಬದುಕಾಗಿರಲಿಲ್ಲ. ವಾರಕ್ಕೆ ಎರಡು ಸಲ ಯಂತ್ರಕ್ಕೆ ತೋಳು ಕೊಟ್ಟು ಮಲಗುವುದು, ಬಂದು ವಾಂತಿ ಮಾಡುವುದು, ಕಾಲಿನ ಸೆಡೆತಕ್ಕೆ ಕೂಗುವುದು. ಮೂತ್ರವೇ ಇಲ್ಲದ ಮೈಗೆ ನೀರು ವಿಷ. ದಿನಕ್ಕೆ ಇಷ್ಟೇ ಎಂದು ವಸಂತಮ್ಮ ಲೋಟದಲ್ಲಿ ಅಳೆದು ಕೊಡುತ್ತಿದ್ದಳು. ಬಾಯಾರಿಕೆ ತಡೆಯದೆ ಅವನು ಬಚ್ಚಲಿಗೆ ಹೋಗಿ ಬಕೆಟ್ಟಿನ ನೀರು ಕುಡಿಯುತ್ತಿದ್ದ. ಹಿಡಿದರೆ ಬೈಯುತ್ತಿದ್ದ. ಯಾರನ್ನೂ ಹಿಂದೆಂದೂ ಬೈದವನಲ್ಲ ಅವನು.

ಒಂದು ಮಧ್ಯಾಹ್ನ ಜಗದಾಂಬಾ ಅವನ ಕೈಯಿಂದ ಚೆಂಬು ಕಿತ್ತುಕೊಂಡಳು.

"ಬಿಡು ಅಂದೋಳು ನೀನೇ" ಎಂದ ಉಜ್ಜನಪ್ಪ. "ಹಂಗೇ ಬಿಟ್ಟಿದ್ರೆ ಆವತ್ತೇ ಹೋಗ್ತಿದ್ದೆ. ಈ ನರಕ ಇರ್ತಿರ್ಲಿಲ್ಲ."

ಅವಳು ಚೆಂಬನ್ನು ಒಳಗೆ ಇಟ್ಟು ಬಂದು ಹಿತ್ತಲಿನ ಕಟ್ಟೆಯ ಮೇಲೆ ಕೂತಳು. ವಸಂತಮ್ಮ ಅಲ್ಲೇ ಬಟ್ಟೆ ಒಗೆಯುತ್ತಿದ್ದಳು.

"ನೋವಿಗೆ ಹಂಗಂತಾನೆ, ವಸಂತ" ಎಂದಳು ಜಗದಾಂಬಾ, ತನಗೇ ಸಮಾಧಾನ ಹೇಳಿಕೊಳ್ಳುವಂತೆ.

ವಸಂತಮ್ಮ ಬಟ್ಟೆ ಹಿಂಡುತ್ತಲೇ ಹೇಳಿದಳು. "ನೋವಿಗಲ್ಲ ಅಕ್ಕ. ಅವರು ನಿಜಾನೇ ಹೇಳ್ತಿರೋದು. ಆವತ್ತು ಜಗಲಿ ಮೇಲೆ ನೀವಿಬ್ರೂ ಕೂತು ತೀರ್ಮಾನ ಮಾಡಿದ್ರಿ. ಕಿಡ್ನಿ ನಿಮ್ದು, ಸರಿ. ಗಂಡ ನನ್ನೋರಲ್ವಾ. ಹೆಂಗೆ ಬದುಕಿಸ್ಬೇಕು, ಹೆಂಗೆ ಕಳಿಸ್ಕೊಡ್ಬೇಕು ಅಂತ ನನ್ನನ್ನ ಒಂದು ಮಾತು ಕೇಳಿದ್ರಾ? ನನ್ನ ರಕ್ತ ಹೊಂದಲಿಲ್ಲ ಅಂದ ದಿನದಿಂದ ನಾನು ಆ ಮನೇಲಿ ಅಡುಗೆ ಮಾಡೋಳು ಅಷ್ಟೇ."

"ಕೇಳಿದ್ರೆ ಏನಂತಿದ್ದೆ?"

"ಅದೇ ನಂಗೂ ಗೊತ್ತಿಲ್ಲ. ಕೇಳಿದ್ರಲ್ವಾ ಗೊತ್ತಾಗೋದು."

ಜಗದಾಂಬಾ ಕಟ್ಟೆಯಿಂದ ಎದ್ದು ಬಂದಳು. ಒದ್ದೆ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಅದನ್ನು ಹಿಂಡಿದರು. ಆ ದಿನದಿಂದ ಆಸ್ಪತ್ರೆಯಲ್ಲಿ ಡಾಕ್ಟರು ಏನಾದರೂ ಕೇಳಿದರೆ ಜಗದಾಂಬಾ ಬಾಯಿ ತೆರೆಯಲಿಲ್ಲ; ವಸಂತಮ್ಮನ ಕಡೆ ನೋಡುತ್ತಿದ್ದಳು.

2007ರ ಮಾಘದಲ್ಲಿ ಒಂದು ಬೆಳಿಗ್ಗೆ ಯಂತ್ರಕ್ಕೆ ಹೋಗಲೆಂದು ಅಂಗಿ ಹಾಕಿಕೊಳ್ಳುತ್ತಿದ್ದ ಉಜ್ಜನಪ್ಪ, ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಮಂಚದ ಮೇಲೆ ಕುಸಿದ. ಆಟೋ ಬಾಗಿಲಿಗೆ ಬರುವಷ್ಟರಲ್ಲಿ ಮುಗಿದಿತ್ತು. ಅವನ ದೇಹವನ್ನು ಭದ್ರಾವತಿಗೆ ಒಯ್ದು, ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡಿದರು. ನೆಂಟರಲ್ಲಿ ಯಾರೋ ಒಬ್ಬರು, "ಅಕ್ಕ ಕೊಟ್ಟ ಜೀವ, ಹದಿನಾಲ್ಕು ವರ್ಷ ಬಂತು" ಎಂದು ಹೊಗಳುವ ಧ್ವನಿಯಲ್ಲಿ ಹೇಳಿದರು. ಜಗದಾಂಬಾ ಅಲ್ಲಿಂದ ಎದ್ದು ಹೋದಳು.

ತಿಥಿಯೆಲ್ಲ ಮುಗಿದ ಮೇಲೆ ವಸಂತಮ್ಮ ತನ್ನ ಬಟ್ಟೆಬರೆ, ಪಾತ್ರೆ ಕಟ್ಟಿಕೊಂಡು ಹೋಗಲು ಹೊಸಮನೆಗೆ ಬಂದಿದ್ದಳು. ಆ ದಿನವೇ ಡಾಕ್ಟರು ವೆಂಕಟಾಚಲ ಮನೆ ಹುಡುಕಿಕೊಂಡು ಬಂದರು. ಆಸ್ಪತ್ರೆಯಲ್ಲಿ ಕಂಡದ್ದಕ್ಕಿಂತ ಮುದುಕರಾಗಿ ಕಾಣುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಜಗದಾಂಬಾ ಕಡೆ ತಿರುಗಿ ಮಾತು ಶುರು ಮಾಡಿದರು.

"ಉಜ್ಜನಪ್ಪನವರ ಗಂಟಿನ ಎರಡು ಚೂರು ನನ್ನ ಹತ್ತಿರ ಇದೆ. ಅವನ್ನ ಇಟ್ಟುಕೊಂಡು ಓದಬೇಕು, ಬೇರೆ ಡಾಕ್ಟರಿಗೂ ತೋರಿಸಬೇಕು ಅಂತಿದೆ. ಮನೆಯವರ ಒಪ್ಪಿಗೆ ಇಲ್ಲದೆ ಬೇಡ ಅಂತ ಬಂದೆ."

"ಅವಳನ್ನ ಕೇಳಿ" ಎಂದಳು ಜಗದಾಂಬಾ.

ಡಾಕ್ಟರು ವಸಂತಮ್ಮನ ಕಡೆ ತಿರುಗಿ ಮತ್ತೊಮ್ಮೆ ಅದೇ ಮಾತು ಹೇಳಿದರು. ಅವಳು ಗಂಟು ಕಟ್ಟುವುದನ್ನು ಬಿಟ್ಟು ಬಂದು ಗೋಡೆಗೆ ಒರಗಿ ನಿಂತಳು.

"ಅದರಲ್ಲಿ ಏನಿದೆ?"

"ಮೊದಲನೆಯದು ಮಾತ್ರೆ ಇಳಿಸೋಕ್ಕೆ ಮುಂಚಿನದು. ಅದರಲ್ಲಿ ಬರೀ ಕ್ಯಾನ್ಸರಿನ ಕಣಗಳು. ಎರಡನೆಯದು ಆಮೇಲಿನದು. ಅದರಲ್ಲಿ ಬಿಳಿಕಣಗಳು ಸಂತೆಯ ಹಾಗೆ ತುಂಬಿಕೊಂಡಿದ್ದಾವೆ. ಕ್ಯಾನ್ಸರ್ ಕಣ ಒಂದೆರಡು, ಅವೂ ಸಾಯ್ತಾ ಇರೋವು."

"ಅವು ಎದ್ದಿದ್ದಕ್ಕೇ ಕರೆಂಟು ಹತ್ತಿತಾ?"

"ಹಾಗಂತ ನನ್ನ ನಂಬಿಕೆ. ಆದರೆ ಮಾತ್ರೆ ಇಳಿಸಿದ್ದು, ಹೊಸ ಕರೆಂಟು ಕೊಟ್ಟಿದ್ದು ಎರಡನ್ನೂ ಒಟ್ಟಿಗೇ ಮಾಡಿದೆ. ಯಾವುದರಿಂದ ಏನಾಯ್ತು ಅಂತ ಒಬ್ಬರನ್ನ ನೋಡಿ ಹೇಳೋಕ್ಕಾಗಲ್ಲ."

ವಸಂತಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಕಿಡ್ನಿ ಕೊಂದಿದ್ದೂ ಅವೇ ಅಲ್ವಾ?"

"ಅವೇ ಅಮ್ಮ."

"ಇದನ್ನ ಓದಿದ್ರೆ ಇನ್ನೊಬ್ರು ಬದುಕ್ತಾರಾ?"

"ಗೊತ್ತಿಲ್ಲ. ಇನ್ನೊಬ್ಬರಿಗೆ ಹೇಳುವಾಗ ನಾನು ಇಷ್ಟು ಕತ್ತಲಲ್ಲಿ ಇರೋದಿಲ್ಲ, ಅಷ್ಟೇ."

ಜಗದಾಂಬಾ ಕೊಡು ಎಂದು ಹೇಳಲು ನಾಲಿಗೆ ತುದಿಯವರೆಗೂ ಬಂದದ್ದನ್ನು ನುಂಗಿಕೊಂಡಳು. ವಸಂತಮ್ಮ ಗೋಡೆ ಬಿಟ್ಟು ನೇರವಾಗಿ ನಿಂತಳು.

"ಇಟ್ಕೊಳ್ಳಿ. ಆದ್ರೆ ತೋರಿಸೋವಾಗ ಆ ಎರಡು ವರ್ಷ ಹೆಂಗಿದ್ರು ಅನ್ನೋದನ್ನೂ ಹೇಳಿ. ಗಡ್ಡೆ ಕರಗ್ತು ಅಂತ ಅಷ್ಟನ್ನೇ ಹೇಳ್ಬೇಡಿ."

"ಹೇಳ್ತೀನಿ" ಎಂದರು ಡಾಕ್ಟರು. ಕಾಫಿ ಕುಡಿಯದೆ ಹೊರಟರು. ಅವರನ್ನು ಯಾರೂ ತಡೆಯಲಿಲ್ಲ.

ಸಂಜೆ ವಿಜಯಕುಮಾರ್ ಗೆಳೆಯನ ವ್ಯಾನ್ ತಂದ. ಗಂಟುಗಳನ್ನೂ ಪಾತ್ರೆಯ ಚೀಲವನ್ನೂ ಹಿಂದೆ ಹಾಕಿದರು. ಉಜ್ಜನಪ್ಪ ಮಲಗುತ್ತಿದ್ದ ಹಾಸಿಗೆಯನ್ನು ಏನು ಮಾಡುವುದೆಂದು ಯಾರಿಗೂ ತೋಚದೆ ಅದು ಜಗಲಿಯ ಮೇಲೇ ಸುರುಳಿಯಾಗಿ ಉಳಿಯಿತು. ವ್ಯಾನಿನಲ್ಲಿ ಕೂತ ಮೇಲೆ ವಸಂತಮ್ಮ ಕಿಟಕಿಯ ಗಾಜು ಇಳಿಸಿದಳು.

"ಅಕ್ಕ, ಈ ಭಾನುವಾರ ಬರ್ಬೇಡಿ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಣಿವಿತ್ತು. "ಒಂದಷ್ಟು ದಿನ ಒಬ್ಳೇ ಇರ್ತೀನಿ. ಆಮೇಲೆ ಬನ್ನಿ."

"ಆಗ್ಲಿ" ಎಂದಳು ಜಗದಾಂಬಾ. ಆಮೇಲೆ ಎಂದರೆ ಯಾವಾಗ ಎಂದು ಅವಳು ಕೇಳಲಿಲ್ಲ. ವ್ಯಾನ್ ತಿರುವು ದಾಟಿತು. ಅವಳು ಜಗಲಿಗೆ ಬಂದು ಹಾಸಿಗೆಯ ಸುರುಳಿಯನ್ನು ಎತ್ತಲು ನೋಡಿದಳು, ಒಬ್ಬಳಿಂದ ಆಗಲಿಲ್ಲ. ಅದರ ಪಕ್ಕದಲ್ಲೇ ಕೂತುಕೊಂಡಳು.